ಕೀಬೋರ್ಡಿನ ಅಕ್ಷರ ಕಾಣಿಸುತ್ತಿಲ್ಲವೇ? ಮಂದದೃಷ್ಟಿ ಇರುವವರಿಗೆ ಕೀಗಳನ್ನು ಓದಲು ಸುಲಭ ಮಾಡುವ ಬಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಒಂದು ಮಧ್ಯಾಹ್ನ ನಿವೃತ್ತ ಮಾಸ್ತರರೊಬ್ಬರು ಬಂದರು. ಪಿಂಚಣಿ ವಿಷಯಕ್ಕೆ ಒಂದು ಅರ್ಜಿ ಟೈಪ್ ಆಗಬೇಕಿತ್ತು. ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ, "ನಾನೇ ಹೊಡಿತೀನ್ರಿ, ನೀವು ಬಾಜೂಕ ನಿಂದ್ರಿ" ಅಂದರು.

ಎಡಗೈಯಲ್ಲಿ ಮೊಬೈಲ್ ಟಾರ್ಚ್ ಹಿಡಿದರು. ಮೂಗು ಕೀಬೋರ್ಡಿಗೆ ನಾಲ್ಕು ಬೆರಳಷ್ಟು ಹತ್ತಿರ ಬಂತು. ಬಲಗೈಯ ಒಂದೇ ಬೆರಳು ಸಾಲಿನ ಮೇಲೆ ಹುಡುಕುತ್ತಾ ಹೋಯಿತು. ಎಂ ಬೇಕಾದಾಗ ಎನ್ ಒತ್ತಿದರು, ಅಳಿಸಿದರು, ಮತ್ತೆ ಹುಡುಕಿದರು. ಐದು ಸಾಲಿಗೆ ಮುಕ್ಕಾಲು ಗಂಟೆ. ಅವರ ಕಣ್ಣಿನ ಪೊರೆ ಆಪರೇಷನ್ ಆಗಿತ್ತು, ಕನ್ನಡಕ ಹೊಸದೇ ಇತ್ತು. ಆದರೆ ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಯನ್ನು ಅಷ್ಟಿಷ್ಟು ತಿಂದುಬಿಟ್ಟಿತ್ತು.

ಒಂದು ವಿಷಯ ನನ್ನನ್ನು ಅವತ್ತು ತುಂಬಾ ಕಾಡಿತು. ಸ್ಕ್ರೀನ್ ಮೇಲಿನ ಅಕ್ಷರವನ್ನು ನಾನು ದೊಡ್ಡದು ಮಾಡಿಕೊಟ್ಟಿದ್ದೆ. ಅದನ್ನು ಅವರು ಸರಾಗವಾಗಿ ಓದಿದರು. ಕೀಬೋರ್ಡಿನ ಅಕ್ಷರವನ್ನು ದೊಡ್ಡದು ಮಾಡುವ ಬಟನ್ ಮಾತ್ರ ಎಲ್ಲೂ ಇರಲಿಲ್ಲ.

ಈಗ ಅರ್ಜಿ, ಪಿಂಚಣಿ, ಪಹಣಿ, ನೌಕರಿ ಪರೀಕ್ಷೆ ಎಲ್ಲಕ್ಕೂ ಕಂಪ್ಯೂಟರ್ ಬಂದಿದೆ. ಎಷ್ಟೋ ನೌಕರರು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಗೆ ಓದಿದ್ದಾರೆ. ಹಾಗಾಗಿ ಕೀಬೋರ್ಡಿನ ಅಕ್ಷರ ಕಾಣದಿರುವುದು ಇವತ್ತು ಸಾವಿರಾರು ಮನೆಗಳ ತೊಂದರೆ. ಆ ಮಾಸ್ತರರಿಗೋಸ್ಕರ ಹುಡುಕಿ, ಅಳೆದು, ಮಾಡಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮಂದದೃಷ್ಟಿ ಅಂದರೆ ಯಾವುದು?

ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುತ್ತದೆ. ನಮ್ಮ ಕಡೆ ಇದಕ್ಕೆ ಚಾಳೀಸು ಬಂತು ಅನ್ನುತ್ತಾರೆ. ಇದು ಮಂದದೃಷ್ಟಿ ಅಲ್ಲ, ಕನ್ನಡಕ ಹಾಕಿದರೆ ಸರಿಹೋಗುತ್ತದೆ. ಒಳ್ಳೆಯ ಕನ್ನಡಕ ಹಾಕಿದರೂ, ಬೇಕಾದ ಚಿಕಿತ್ಸೆ ಆದರೂ ನೋಟ ಪೂರ್ತಿ ಸರಿಯಾಗದಿದ್ದರೆ ಅದು ಮಂದದೃಷ್ಟಿ. ಡಾಕ್ಟರು ಇದಕ್ಕೆ ಲೋ ವಿಷನ್ ಅನ್ನುತ್ತಾರೆ. ಇದು ಕುರುಡುತನವೂ ಅಲ್ಲ. ನೋಟ ಇದೆ, ಆದರೆ ಸಾಲುವುದಿಲ್ಲ.

ಕಣ್ಣಿನ ಚೀಟಿಯಲ್ಲಿ 6/18, 6/60 ಅಂತ ಬರೆದಿರುವುದನ್ನು ನೋಡಿರುತ್ತೀರಿ. ಬಸ್ ನಿಲ್ದಾಣದಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಯಾದಗಿರಿ ಅಂತ ಬೋರ್ಡು ಹಾಕಿದ ಬಸ್ಸು ಬರುತ್ತಿದೆ. ಸರಿಯಾದ ಕಣ್ಣಿನವರು ಒಂದು ಬೋರ್ಡನ್ನು 18 ಮೀಟರ್ ದೂರದಿಂದಲೇ ಓದಿದರೆ, 6/18 ನೋಟದವರು ಅದನ್ನೇ ಓದಲು 6 ಮೀಟರ್ ಹತ್ತಿರ ಬರಬೇಕು. 6/60 ಅಂದರೆ ಬೇರೆಯವರು 60 ಮೀಟರಿನಿಂದ ಓದುವುದನ್ನು ಇವರು 6 ಮೀಟರಿನಿಂದ ಓದಬೇಕು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದಕ್ಕೊಂದು ಗೆರೆ ಹಾಕಿದೆ. ಕನ್ನಡಕ ಹಾಕಿದ ಮೇಲೂ ಎರಡರಲ್ಲಿ ಒಳ್ಳೆಯ ಕಣ್ಣಿನ ನೋಟ 6/18 ಅನ್ನು ಮೀರದೆ 3/60ರವರೆಗೆ ಇದ್ದರೆ ಅದು ಮಂದದೃಷ್ಟಿ. ನೋಟದ ಹರವು, ಅಂದರೆ ಕಣ್ಣು ಆಡಿಸದೆ ಸುತ್ತ ಕಾಣುವ ಅಗಲ, 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿವರೆಗೆ ಕುಗ್ಗಿದ್ದರೂ ಮಂದದೃಷ್ಟಿಯೇ. ಅದಕ್ಕಿಂತ ಕೆಳಗೆ ಹೋದರೆ ಕಾಯ್ದೆಯ ಪ್ರಕಾರ ಕುರುಡುತನ.

ಈ ಹರವಿನ ಮಾತು ಬಹಳ ಮುಖ್ಯ, ಯಾಕೆಂದರೆ ಮಸುಕು ಎಲ್ಲರಿಗೂ ಒಂದೇ ಥರ ಇರುವುದಿಲ್ಲ. ಪೊರೆ ಬಂದವರಿಗೆ ಆವಿ ಹಿಡಿದ ಗಾಜಿನ ಹಿಂದಿನಿಂದ ನೋಡಿದ ಹಾಗೆ ಎಲ್ಲವೂ ಮಂಜು ಮಂಜು. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಜಾಸ್ತಿಯಾದವರು ಕೊಳವೆಯೊಳಗಿಂದ ನೋಡುವವರ ಹಾಗೆ. ನಡುವಿನದು ಕಾಣುತ್ತದೆ, ಅಕ್ಕಪಕ್ಕದ್ದು ಹೋಗಿರುತ್ತದೆ. ಮ್ಯಾಕ್ಯುಲಾ, ಅಂದರೆ ಒಳಪರದೆಯ ನಡುಭಾಗ, ಸವೆದವರದು ಇದರ ತಿರುವುಮುರುವು. ಅವರು ಯಾವ ಅಕ್ಷರದ ಮೇಲೆ ಕಣ್ಣಿಡುತ್ತಾರೋ ಅದರ ಮೇಲೇ ಮಸಿ ಚೆಲ್ಲಿದ ಹಾಗಿರುತ್ತದೆ. ಸಕ್ಕರೆ ಕಾಯಿಲೆಯಿಂದ ಒಳಪರದೆ ಕೆಟ್ಟವರಿಗೆ ಅಲ್ಲಲ್ಲಿ ತೇಪೆ ಹಾಕಿದಂತೆ ಕಾಣಬಹುದು. ಒಬ್ಬರಿಗೆ ವರವಾದ ಕೀಬೋರ್ಡ್ ಇನ್ನೊಬ್ಬರಿಗೆ ಕೆಲಸಕ್ಕೆ ಬಾರದಿರುವುದು ಇದೇ ಕಾರಣಕ್ಕೆ.

ಅಕ್ಷರ ಎಷ್ಟು ದೊಡ್ಡದಿರಬೇಕು?

ಇಲ್ಲಿ ಸ್ವಲ್ಪ ಲೆಕ್ಕ ಇದೆ. ಸುಮ್ನೆ ಹೆದರಬೇಡಿ, ಐದನೇ ಕ್ಲಾಸಿನ ಗುಣಾಕಾರ ಸಾಕು.

ಕೀಬೋರ್ಡು ಕಣ್ಣಿನಿಂದ ಸುಮಾರು 50 ಸೆಂಟಿಮೀಟರ್ ದೂರ ಇರುತ್ತದೆ. ಅಷ್ಟು ದೂರದಲ್ಲಿ 6/6, ಅಂದರೆ ಸರಿಯಾದ ನೋಟದ ಕಣ್ಣು ಗುರುತಿಸಬಲ್ಲ ತೀರಾ ಸಣ್ಣ ಅಕ್ಷರದ ಎತ್ತರ ಸುಮಾರು 0.7 ಮಿಲಿಮೀಟರ್. 6/18 ನೋಟಕ್ಕೆ ಅದರ ಮೂರರಷ್ಟು ಬೇಕು, ಅಂದರೆ 2.2 ಮಿಲಿಮೀಟರ್. 6/60ಕ್ಕೆ ಹತ್ತರಷ್ಟು, ಅಂದರೆ 7.3 ಮಿಲಿಮೀಟರ್. ಇದು ತಿಣುಕಾಡಿ ಹೇಗೋ ಗುರುತಿಸುವ ಅಳತೆ. ಆರಾಮವಾಗಿ ಓದಬೇಕಾದರೆ ಇದರ ಎರಡರಷ್ಟಾದರೂ ಇರಬೇಕು. ಆಗ 6/18ಕ್ಕೆ ನಾಲ್ಕೂವರೆ ಮಿಲಿಮೀಟರ್, 6/60ಕ್ಕೆ ಸುಮಾರು 15 ಮಿಲಿಮೀಟರ್ ಆಯಿತು.

ಮಾಸ್ತರರು ಹೋದ ಮೇಲೆ ಮಗಳ ಕಂಪಾಸ್ ಪೆಟ್ಟಿಗೆಯ ಸ್ಕೇಲ್ ತಂದು ನನ್ನ ಕೀಬೋರ್ಡನ್ನು ಅಳೆದೆ. ಅಕ್ಷರದ ಎತ್ತರ ಮೂರು ಮಿಲಿಮೀಟರಿಗಿಂತ ಒಂದು ಕೂದಲೆಳೆ ಜಾಸ್ತಿ. ಅದೂ ಕೀಯ ಎಡ ಮೂಲೆಯಲ್ಲಿ ಕೂತಿದೆ. ಕೀಯ ಮೇಲ್ಮೈ ಮಾತ್ರ 12 ಮಿಲಿಮೀಟರ್ ಅಗಲ ಇತ್ತು, ಮುಕ್ಕಾಲು ಪಾಲು ಖಾಲಿ! ಸಾಮಾನ್ಯ ಕೀಬೋರ್ಡಿನಲ್ಲಿ ಒಂದು ಕೀಯ ನಡುವಿನಿಂದ ಪಕ್ಕದ ಕೀಯ ನಡುವಿಗೆ 19 ಮಿಲಿಮೀಟರ್ ಇರುತ್ತದೆ. ಜಾಗ ಬೇಕಾದಷ್ಟಿದೆ, ಅಕ್ಷರವನ್ನೇ ಸಣ್ಣದಾಗಿ ಬರೆದಿದ್ದಾರೆ.

ಈ ಲೆಕ್ಕದಿಂದ ಎರಡು ವಿಷಯ ಗೊತ್ತಾಗುತ್ತವೆ. 6/18, 6/24 ಆಸುಪಾಸಿನ ನೋಟ ಇದ್ದವರಿಗೆ ಕೀ ತುಂಬುವ ದಪ್ಪ ಅಕ್ಷರದ ಸ್ಟಿಕ್ಕರ್ ಹಚ್ಚಿದರೆ ಸಾಕು. 6/60 ಇದ್ದವರಿಗೆ ಬೇಕಾದ 15 ಮಿಲಿಮೀಟರ್ ಅಕ್ಷರ ಕೀಯ ಮೇಲೆ ಹಿಡಿಯುವುದೇ ಇಲ್ಲ. ಅವರಿಗೆ ಇನ್ನೊಂದು ದಾರಿ ಇದೆ. ದೂರ ಅರ್ಧ ಮಾಡಿದರೆ ಅಕ್ಷರ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ. 25 ಸೆಂಟಿಮೀಟರಿಗೆ ತಂದರೆ 7 ಮಿಲಿಮೀಟರ್ ಅಕ್ಷರವೇ ಸಾಕಾಗುತ್ತದೆ. ಅದಕ್ಕೆ ಬೆನ್ನು ಬಗ್ಗಿಸಬೇಡಿ, ಕೀಬೋರ್ಡನ್ನು ಮೇಲಕ್ಕೆ ತನ್ನಿ. ಪುಸ್ತಕ ಇಡುವ ಇಳಿಜಾರು ಸ್ಟ್ಯಾಂಡ್ ಆಗುತ್ತದೆ. ವ್ಯಾಸಪೀಠದಂಥದ್ದೂ ಆಗುತ್ತದೆ, ಆದರೆ ಒತ್ತಿದಾಗ ಅಲುಗಾಡಬಾರದು.

ಕನ್ನಡಕದ ಬಗ್ಗೆಯೂ ಒಂದು ಮಾತು. ಓದುವ ಕನ್ನಡಕವನ್ನು ಪುಸ್ತಕ ಹಿಡಿಯುವ ದೂರಕ್ಕೆ ಮಾಡಿರುತ್ತಾರೆ, ಸುಮಾರು 35ರಿಂದ 40 ಸೆಂಟಿಮೀಟರ್. ಕೀಬೋರ್ಡು ಅದರಾಚೆ, ಸ್ಕ್ರೀನ್ ಇನ್ನೂ ಆಚೆ. ಕಣ್ಣಿನ ಡಾಕ್ಟರ ಹತ್ತಿರ ಹೋಗುವ ಮೊದಲು ಟೇಪಿನಿಂದ ಎರಡೂ ದೂರ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಷ್ಟೋ ಜನರ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಬಿದರಿ ಹೂಜಿ ಹೇಳುವ ಮಾತು

ಗಾತ್ರದಷ್ಟೇ ದೊಡ್ಡ ವಿಷಯ ಬಣ್ಣದ ಅಂತರ. ಅಕ್ಷರದ ಬಣ್ಣ ಮತ್ತು ಹಿಂದಿನ ಬಣ್ಣ ಒಂದಕ್ಕೊಂದು ಎಷ್ಟು ಬೇರೆಯಾಗಿ ಕಾಣುತ್ತವೆ ಅನ್ನುವುದು. ಕಾಂಟ್ರಾಸ್ಟ್ ಅಂತ ಕರೆಯುವುದು ಇದನ್ನೇ.

ಬೀದರಿನ ಬಿದರಿ ಕೆಲಸ ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಅದರ ಲೋಹದಲ್ಲಿ ಸತುವೇ ಜಾಸ್ತಿ, ತಾಮ್ರ ಸ್ವಲ್ಪ. ಎರಕ ಹೊಯ್ದಾಗ ಅದು ಬೂದು ಬಣ್ಣ. ಅದರೊಳಗೆ ಬೆಳ್ಳಿ ಎಳೆ ಕೂರಿಸಿದಾಗ ಕೆಲಸ ಕಣ್ಣಿಗೆ ಅಷ್ಟಾಗಿ ಕಾಣುವುದೇ ಇಲ್ಲ. ಬೂದಿನ ಮೇಲೆ ಬಿಳುಪು, ಎಲ್ಲಾ ಒಂದೇ ಥರ. ಆಮೇಲೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿಗೆ ಆ ಕಪ್ಪು ತಾಗುವುದಿಲ್ಲ. ಅದೇ ಎಳೆ, ಅದೇ ಗಾತ್ರ. ಹಿನ್ನೆಲೆ ಕಪ್ಪಾದ ಕೂಡಲೇ ಹೂವು, ಬಳ್ಳಿ ಎಲ್ಲ ಎದ್ದು ಬರುತ್ತವೆ.

ಈಗ ನಿಮ್ಮ ಮನೆಯ ಲ್ಯಾಪ್‌ಟಾಪ್ ನೋಡಿ. ಬೆಳ್ಳಿ ಬಣ್ಣದ ಕೀ ಮೇಲೆ ಬೂದು ಅಕ್ಷರ ಇದ್ದರೆ ಅದು ಮಣ್ಣು ಹಚ್ಚುವ ಮೊದಲಿನ ಬಿದರಿ. ಚಂದ ಕಾಣಬಹುದು, ಆದರೆ ಮಂದದೃಷ್ಟಿಯವರಿಗೆ ಅದು ಖಾಲಿ ಕೀ.

ಕಾಂಟ್ರಾಸ್ಟನ್ನು ಅಂಕಿಯಲ್ಲೂ ಹೇಳುತ್ತಾರೆ. ಅಚ್ಚ ಬಿಳಿಯ ಮೇಲೆ ಅಚ್ಚ ಕಪ್ಪು ಇದ್ದರೆ 21ಕ್ಕೆ 1. ವೆಬ್ ಪುಟಗಳಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ 4.5ಕ್ಕೆ 1ಕ್ಕಿಂತ ಕಡಿಮೆ ಇರಬಾರದು ಅನ್ನುವ ಮಾನದಂಡ ಇದೆ. ಕಪ್ಪಿನ ಮೇಲೆ ಹಳದಿ ಬರೆದರೆ ಸುಮಾರು 19.5ಕ್ಕೆ 1 ಸಿಗುತ್ತದೆ.

ಅಂಗಡಿಯಲ್ಲಿ ಸಿಗುವ ದೊಡ್ಡಕ್ಷರದ ಕೀಬೋರ್ಡುಗಳು ಹೆಚ್ಚಾಗಿ ಮೂರು ಥರ: ಹಳದಿ ಕೀ ಮೇಲೆ ಕಪ್ಪು, ಬಿಳಿ ಕೀ ಮೇಲೆ ಕಪ್ಪು, ಕಪ್ಪು ಕೀ ಮೇಲೆ ಬಿಳಿ. ಬೆಳಕು ಚುಚ್ಚುತ್ತದೆ ಅನ್ನುವವರಿಗೆ, ಪೊರೆ ಇರುವವರಿಗೆ, ಹುಟ್ಟಿನಿಂದಲೇ ಕಣ್ಣಿನಲ್ಲಿ ಬಣ್ಣದ ಅಂಶ ಕಡಿಮೆ ಇರುವ ಆಲ್ಬಿನಿಸಂ ಇರುವವರಿಗೆ ಕಪ್ಪಿನ ಮೇಲೆ ಬಿಳಿ ಹಿತ. ಅಷ್ಟಗಲದ ಬಿಳಿ ಕೀಗಳು ಅವರ ಕಣ್ಣು ಕುಕ್ಕುತ್ತವೆ. ಇನ್ನು ಕೆಲವರಿಗೆ ಹಳದಿಯೇ ಇಷ್ಟ. ಕೊಳ್ಳುವ ಮೊದಲು ಮೂರೂ ಬಣ್ಣದಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು ಕೀಬೋರ್ಡಿನ ಮೇಲಿಟ್ಟು ತೋರಿಸಿ. ಅವರೇ ಆರಿಸಲಿ. ನಮ್ಮ ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ಅವರಿಗೆ ಕೊಡುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದೆ.

ಗ್ಲಾಕೋಮಾದಿಂದ ಹರವು ಕುಗ್ಗಿದವರಿಗೆ ತೀರಾ ದೊಡ್ಡ ಕೀಗಳಿರುವ ಅಗಲ ಕೀಬೋರ್ಡ್ ತರಬೇಡಿ. ಒಂದು ನೋಟಕ್ಕೆ ಸಿಗುವ ಕೀಗಳೇ ಕಡಿಮೆಯಾಗುತ್ತವೆ. ಅವರಿಗೆ ಮಾಮೂಲಿ ಅಳತೆಯ ಕೀಬೋರ್ಡ್, ಒಳ್ಳೆಯ ಕಾಂಟ್ರಾಸ್ಟ್, ಹದವಾದ ಅಕ್ಷರ ಸಾಕು.

ಬೆಳಕು ಎಲ್ಲಿಂದ ಬರಬೇಕು?

ವಯಸ್ಸಾದಂತೆ ಕಣ್ಣಿನ ಪಾಪೆ ಸಣ್ಣದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಅರವತ್ತರವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ. ಮಾಸ್ತರರು ಟಾರ್ಚ್ ಹಿಡಿದದ್ದು ಸುಮ್ನೆ ಅಲ್ಲ.

ಆದರೆ ಟಾರ್ಚ್ ನೇರ ಕೀ ಮೇಲೆ ಬಿದ್ದರೆ ಹೊಳಪು ವಾಪಸ್ ಕಣ್ಣಿಗೇ ಬರುತ್ತದೆ. ಬಗ್ಗಿಸಬಹುದಾದ ಟೇಬಲ್ ದೀಪವನ್ನು ಪಕ್ಕದಿಂದ, ಬಲ್ಬು ಕಣ್ಣಿಗೆ ಕಾಣದಂತೆ, ಕೀಬೋರ್ಡಿನ ಮೇಲೆ ಬೀಳುವ ಹಾಗೆ ಇಡಿ. ನಮ್ಮ ಊರಿನ ಬಿಸಿಲು ಹೇಗಿದೆ ಅಂತ ನಿಮಗೇ ಗೊತ್ತು. ಕಿಟಕಿಗೆ ಮುಖ ಮಾಡಿ ಕೂತರೆ ಕೀಬೋರ್ಡೂ ಕಾಣದು, ಸ್ಕ್ರೀನೂ ಕಾಣದು. ಕಿಟಕಿ ಪಕ್ಕಕ್ಕೆ ಬರುವಂತೆ ಕೂಡಿ. ಒಳಗಿಂದ ಬೆಳಗುವ ಕೀಬೋರ್ಡು ಕತ್ತಲಲ್ಲಿ ಒಳ್ಳೆಯದು, ಆದರೆ ದೀಪದ ಸುತ್ತ ಪ್ರಭೆ ಕಾಣುವ ತೊಂದರೆ ಇದ್ದವರಿಗೆ ಆ ಅಕ್ಷರಗಳು ಕದಡಿ ಹೋಗುತ್ತವೆ.

ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಗಂಟು

ಇಂಗ್ಲಿಷ್ ಟೈಪ್ ಮಾಡುವವರು ಕಂಡ ಅಕ್ಷರ ಒತ್ತಿದರೆ ಆಯಿತು. ನಮಗೆ ಹಾಗಲ್ಲ, ಅಲ್ವಾ? ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಕ್ಯೂ ಒತ್ತಿದರೆ ಟ, ಡಬ್ಲ್ಯೂ ಒತ್ತಿದರೆ ಡ, ಎಕ್ಸ್ ಒತ್ತಿದರೆ ಷ. ಕೆ.ಪಿ. ರಾವ್ ಅವರು ರೂಪಿಸಿದ ಜೋಡಣೆ ಇದಕ್ಕೆ ತಳಹದಿ. ಉಚ್ಚಾರಕ್ಕೆ ಹತ್ತಿರವಾಗಿ ಹೊಂದಿಸಿದ್ದರಿಂದ ಕ, ಗ, ತ, ಮ, ರ ಸಲೀಸು. ಉಳಿದವನ್ನು ನೆನಪಿಡಬೇಕು. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಜೋಡಣೆಯಲ್ಲಿ ಎಚ್ ಒತ್ತಿದರೆ ಪ, ಜೆ ಒತ್ತಿದರೆ ರ. ಅಲ್ಲಿ ಇಂಗ್ಲಿಷ್ ಅಕ್ಷರದ ಸಹಾಯವೇ ಇಲ್ಲ. ಮಂದದೃಷ್ಟಿಯವರು ಮೊದಲು ಅಕ್ಷರ ಹುಡುಕಬೇಕು, ಆಮೇಲೆ ಅದು ಕನ್ನಡದ ಯಾವುದು ಅಂತ ಲೆಕ್ಕ ಹಾಕಬೇಕು. ಎರಡು ಪಟ್ಟು ದಣಿವು.

ಎರಡೂ ಲಿಪಿ ಅಚ್ಚಾಗಿರುವ ಕೀಬೋರ್ಡ್ ತಂದರೆ ಸರಿಹೋಗುತ್ತದೆ ಅಂತ ಅನ್ನಿಸುತ್ತದೆ. ಆದರೆ ಒಂದೇ ಕೀ ಮೇಲೆ ಇಂಗ್ಲಿಷ್ ಒಂದು, ಕನ್ನಡ ಎರಡು, ಕೆಲವು ಕಡೆ ಚಿಹ್ನೆ ಒಂದು ಸೇರಿಸಿದರೆ ಎಲ್ಲವೂ ಇರುವೆಯಷ್ಟಾಗುತ್ತವೆ. ಕನ್ನಡದ ಅಕ್ಷರಗಳಿಗೆ ಇಂಗ್ಲಿಷಿನ ದೊಡ್ಡಕ್ಷರಕ್ಕಿಂತ ಜಾಗ ಜಾಸ್ತಿ ಬೇಕು. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ನೋಡಿ. ವ್ಯತ್ಯಾಸ ಇರುವುದು ಹೊಟ್ಟೆ ಸೀಳಿದ ಒಂದು ಸಣ್ಣ ಗೀರಿನಲ್ಲಿ. ಪ ಮತ್ತು ಷ ಹೊರಗಿನಿಂದ ಒಂದೇ, ಒಳಗಿನ ಗೆರೆ ಮಾತ್ರ ಬೇರೆ. ಅಕ್ಷರ ಸಣ್ಣದಾದರೆ ಮೊದಲು ಮಾಯವಾಗುವುದು ಆ ಗೀರು, ಆ ಗೆರೆ.

ಆದ್ದರಿಂದ ಒಂದು ಕೀಗೆ ಒಂದೇ ಅಕ್ಷರ ಹಚ್ಚಿ. ಶಿಫ್ಟ್ ಒತ್ತದೆ ಬರುವ ಅಕ್ಷರ ಮಾತ್ರ. ದ ಇರುವ ಕೀಯಲ್ಲೇ ಶಿಫ್ಟ್ ಜೊತೆ ಧ ಇದೆ, ಕ ಜೊತೆ ಖ ಇದೆ. ಅದು ಒಂದು ವಾರದಲ್ಲಿ ಕೈಗೆ ಬರುತ್ತದೆ.

ಸ್ಟಿಕ್ಕರೋ, ಹೊಸ ಕೀಬೋರ್ಡೋ?

ಮೊದಲು ನಾನು ಆನ್‌ಲೈನಿನಲ್ಲಿ ಒಂದು ಸ್ಟಿಕ್ಕರ್ ಹಾಳೆ ತರಿಸಿದೆ. ಅಕ್ಷರ ದೊಡ್ಡದಿತ್ತು, ಕಪ್ಪಿನ ಮೇಲೆ ಬಿಳಿ. ಆದರೆ ಮೇಲ್ಮೈ ಕನ್ನಡಿಯ ಹಾಗೆ ಮಿರಮಿರ ಅನ್ನುತ್ತಿತ್ತು. ಟ್ಯೂಬ್‌ಲೈಟಿನ ಉದ್ದ ಗೆರೆ ಪ್ರತಿ ಕೀಯ ಮೇಲೂ ಕೂತಿತ್ತು. ಮಾಸ್ತರರು ತಲೆ ಅತ್ತಿತ್ತ ಆಡಿಸಿ, "ಮೊದಲಿಂದೇ ಛಲೋ ಇತ್ತು ನೋಡ್ರಿ" ಅಂದುಬಿಟ್ಟರು. ಮೇ ತಿಂಗಳ ಸೆಖೆಗೆ ಅಂಟು ಕರಗಿ ಅಂಚುಗಳೂ ಜಾರಿದವು.

ಎರಡನೇ ಸಲ ನಾನೇ ಮಾಡಿದೆ. ಹೊಳಪಿಲ್ಲದ ಸ್ಟಿಕ್ಕರ್ ಹಾಳೆಯ ಮೇಲೆ, ಬಾಲ ಕೊಂಬು ಇಲ್ಲದ ಸಾದಾ ದಪ್ಪ ಫಾಂಟಿನಲ್ಲಿ ಲೇಸರ್ ಪ್ರಿಂಟ್ ತೆಗೆದೆ. ಮೇಲೆ ಮ್ಯಾಟ್ ಲ್ಯಾಮಿನೇಷನ್. 11 ಮಿಲಿಮೀಟರ್ ಚೌಕ ಕತ್ತರಿಸಿದೆ, ಕೀಯ ಅಂಚಿಗಿಂತ ಸ್ವಲ್ಪ ಒಳಗೆ. ಅಂಚಿಗೆ ಸಮ ಇದ್ದರೆ ಉಗುರು ತಾಗಿ ಏಳುತ್ತದೆ. ಕೀಬೋರ್ಡಿನ ವೈರ್ ತೆಗೆದು, ಪ್ರತಿ ಕೀಯ ಎಣ್ಣೆಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹಚ್ಚಿದೆ. ಉಗುರುಬಣ್ಣ ತೆಗೆಯುವ ದ್ರವದಿಂದ ಮಾತ್ರ ಒರೆಸಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಕೀಯ ಪ್ಲಾಸ್ಟಿಕ್ಕೇ ಕರಗುತ್ತದೆ.

ಹೊಸ ಕೀಬೋರ್ಡ್ ತರುವುದಾದರೆ ಅಕ್ಷರ ಹೇಗೆ ಮೂಡಿಸಿದ್ದಾರೆ ಅಂತ ಕೇಳಿ. ಅಗ್ಗದವುಗಳಲ್ಲಿ ಕೀಯ ಮೇಲೆ ಶಾಯಿ ಒತ್ತಿರುತ್ತಾರೆ, ಗೋಡೆಗೆ ಸುಣ್ಣ ಬಳಿದ ಹಾಗೆ. ಬೆರಳಿನ ಉಜ್ಜಾಟಕ್ಕೆ, ನಮ್ಮ ಊರಿನ ಧೂಳಿಗೆ ಬೇಗ ಅಳಿಸುತ್ತದೆ. ಡಬಲ್ ಶಾಟ್ ಅನ್ನುವ ಬಗೆಯಲ್ಲಿ ಅಕ್ಷರವೇ ಬೇರೆ ಬಣ್ಣದ ಪ್ಲಾಸ್ಟಿಕ್ಕಿನಿಂದ ಎರಕವಾಗಿ ಕೀಯೊಳಗೆ ಕೂತಿರುತ್ತದೆ, ಬಿದರಿಯೊಳಗೆ ಬೆಳ್ಳಿ ಕೂತ ಹಾಗೆ. ಅದು ಅಳಿಸುವ ಮಾತೇ ಇಲ್ಲ.

ಬೆರಳಿಗೆ ಕಾಣುವ ಗುರುತು

ಎಫ್ ಮತ್ತು ಜೆ ಕೀ ಮೇಲೆ ಬೆರಳಾಡಿಸಿ. ಸಣ್ಣ ಗೆರೆಯೊಂದು ಉಬ್ಬಿರುತ್ತದೆ. ಎರಡೂ ತೋರುಬೆರಳು ಕೂರುವ ಜಾಗ ಅದು. ನಂಬರ್ ಪ್ಯಾಡಿನ 5ರ ಮೇಲೂ ಹಾಗೇ ಇರುತ್ತದೆ. ಸ್ಟಿಕ್ಕರ್ ಹಚ್ಚುವಾಗ ಈ ಉಬ್ಬು ಮುಚ್ಚಬೇಡಿ.

ನುಡಿ ಬಳಸುವವರಿಗೆ ಇದರಲ್ಲೊಂದು ಬಂಗಾರದಂಥ ಅನುಕೂಲ ಇದೆ. ಒತ್ತಕ್ಷರ ಮೂಡಿಸುವ ಕೀ ಎಫ್. ಅಕ್ಕ ಅಂತ ಬರೆಯಲು ಎ, ಕೆ, ಎಫ್, ಕೆ. ಕನ್ನಡದಲ್ಲಿ ಒತ್ತಕ್ಷರ ಇಲ್ಲದ ಸಾಲು ಸಿಗುವುದು ಅಪರೂಪ. ಅಷ್ಟು ಬೇಕಾಗುವ ಕೀಗೆ ಮೊದಲೇ ಉಬ್ಬು ಇದೆ, ನೋಡುವ ಅಗತ್ಯವೇ ಇಲ್ಲ.

ಇನ್ನು ಕೆಲವು ಕೀಗಳಿಗೆ ನಾವೇ ಗುರುತು ಮಾಡಬಹುದು. ಎಂಟರ್, ಬ್ಯಾಕ್‌ಸ್ಪೇಸ್, ಎಸ್ಕೇಪ್, ಡಿಲೀಟ್ ಸಾಕು. ಉಬ್ಬು ಚುಕ್ಕೆಯ ಸ್ಟಿಕ್ಕರ್ ಸಿಗುತ್ತದೆ. ಸಿಗದಿದ್ದರೆ ಎಂ-ಸೀಲ್ ಕಲಸಿ ಸಾಸಿವೆಯಷ್ಟು ಅಂಟಿಸಿ ಒಂದು ರಾತ್ರಿ ಬಿಡಿ. ಎಲ್ಲ ಕೀಗೂ ಚುಕ್ಕೆ ಇಟ್ಟರೆ ಬೆರಳಿಗೆ ಯಾವುದೂ ಗೊತ್ತಾಗುವುದಿಲ್ಲ.

ಮಾಸ್ತರರು ಈ ಉಬ್ಬು ಹಿಡಿದೇ ಮೂರು ತಿಂಗಳಲ್ಲಿ ನಡುಸಾಲನ್ನು ನೋಡದೆ ಹೊಡೆಯಲು ಕಲಿತರು. ಮೇಲಿನ ಸಾಲಿಗೆ ಇನ್ನೂ ಬಗ್ಗುತ್ತಾರೆ. ಟಾರ್ಚ್ ಈಗ ಜೇಬಿನಲ್ಲೇ ಇರುತ್ತದೆ.

ಒತ್ತಿದ್ದನ್ನು ಕಂಪ್ಯೂಟರೇ ಹೇಳಲಿ

ವಿಂಡೋಸಿನಲ್ಲಿ ಇದಕ್ಕೆಲ್ಲ ಬಿಡಿಕಾಸು ಖರ್ಚಿಲ್ಲ. ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದರೆ ಸ್ಕ್ರೀನ್ ಹಿಗ್ಗುತ್ತದೆ, ವಿಂಡೋಸ್ ಕೀಯನ್ನೇ ಎಸ್ಕೇಪ್ ಜೊತೆ ಒತ್ತಿದರೆ ಮೊದಲಿನಂತಾಗುತ್ತದೆ. ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒತ್ತಿದರೆ ಸ್ಕ್ರೀನ್ ಮೇಲೆಯೇ ಒಂದು ಕೀಬೋರ್ಡ್ ಬರುತ್ತದೆ, ಬೇಕಾದಷ್ಟು ಎಳೆದು ದೊಡ್ಡದು ಮಾಡಬಹುದು. ಟಾಗಲ್ ಕೀಸ್ ಅನ್ನುವುದನ್ನು ಸೆಟ್ಟಿಂಗ್ಸಿನಲ್ಲಿ ಹಚ್ಚಿಟ್ಟರೆ ಕ್ಯಾಪ್ಸ್ ಲಾಕ್ ಒತ್ತಿದಾಗಲೆಲ್ಲ ಸದ್ದು ಬರುತ್ತದೆ. ನುಡಿಯಲ್ಲಿ ಕ್ಯಾಪ್ಸ್ ಲಾಕ್ ಗೊತ್ತಿಲ್ಲದೆ ಬಿದ್ದರೆ ಕ ಎಲ್ಲ ಖ ಆಗುತ್ತದೆ, ಹಾಗಾಗಿ ಈ ಸದ್ದು ಬಹಳ ಉಪಕಾರಿ.

ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಇದೆ. ಆಸ್ಟ್ರೇಲಿಯಾದ ಮೈಕಲ್ ಕರನ್ ಅನ್ನುವ ಅಂಧ ಯುವಕ 2006ರಲ್ಲಿ ಇದನ್ನು ಶುರು ಮಾಡಿದರು. ಸ್ಕ್ರೀನನ್ನು ಓದಿ ಹೇಳುವುದು ಅದರ ಕೆಲಸ, ಕನ್ನಡವನ್ನೂ ಓದುತ್ತದೆ. ಅದರದೇ ಕೀಯನ್ನು, ಸಾಮಾನ್ಯವಾಗಿ ಇನ್ಸರ್ಟ್, 1ರ ಜೊತೆ ಒತ್ತಿದರೆ ಕಲಿಕೆಯ ಸ್ಥಿತಿಗೆ ಹೋಗುತ್ತದೆ. ಆಗ ಯಾವ ಕೀ ಒತ್ತಿದರೂ ಅದರ ಹೆಸರು ಹೇಳುತ್ತದೆ, ಕಡತದಲ್ಲಿ ಏನೂ ಕೆಡುವುದಿಲ್ಲ. ಹೆದರಿಕೆ ಬಿಟ್ಟು ಬೆರಳಾಡಿಸಲು ಇದಕ್ಕಿಂತ ಒಳ್ಳೆಯ ಗುರು ಸಿಗುವುದಿಲ್ಲ.

ಕಂಪ್ಯೂಟರ್ ಪರೀಕ್ಷೆಗೆ ಹೋಗುವವರು ಗಮನಿಸಿ

ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆಯ ಪ್ರಮಾಣಪತ್ರ ಇದ್ದವರಿಗಾಗಿ ಕೇಂದ್ರ ಸರ್ಕಾರ 2018ರ ಆಗಸ್ಟಿನಲ್ಲಿ ಲಿಖಿತ ಪರೀಕ್ಷೆಗಳ ಮಾರ್ಗಸೂಚಿ ಹೊರಡಿಸಿತು. ಕಂಪ್ಯೂಟರ್ ಮೇಲೆ ಪರೀಕ್ಷೆ ಬರೆಯುವವರಿಗೆ ತಮಗೆ ಹೊಂದುವ ಕೀಬೋರ್ಡ್, ಮೌಸ್‌ನಂಥ ಸಾಧನ ಬಳಸಲು ಬಿಡಬೇಕು ಅಂತ ಅದರಲ್ಲಿತ್ತು. ಸ್ವಂತ ಲ್ಯಾಪ್‌ಟಾಪಿಗೆ ಅವಕಾಶ ಇರಲಿಲ್ಲ. ಬಳಸಬೇಕಾದ ಕಂಪ್ಯೂಟರನ್ನು ಒಂದು ದಿನ ಮೊದಲು ನೋಡಿಕೊಳ್ಳಲು ಬಿಡಬೇಕು ಅಂತಲೂ ಇತ್ತು. ತಮ್ಮ ಪರವಾಗಿ ಉತ್ತರ ಬರೆದುಕೊಡುವವರ ನೆರವು ಪಡೆಯಲು ಅರ್ಹರಾದವರಿಗೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಕೊಡಬೇಕು ಅಂತಲೂ ಹೇಳಿತ್ತು.

2025ರಲ್ಲಿ ಇದರ ಜಾಗಕ್ಕೆ ಹೊಸ ಮಾರ್ಗಸೂಚಿ ಬಂದಿದೆ, ಹಾಗಾಗಿ ನೀವು ಬರೆಯುವ ಪರೀಕ್ಷೆಯ ಅಧಿಸೂಚನೆಯಲ್ಲಿ ಈ ಬಗ್ಗೆ ಏನಿದೆ ಅಂತ ಓದಿಕೊಳ್ಳಿ. ಅರ್ಜಿ ಹಾಕುವಾಗಲೇ ಕೀಬೋರ್ಡಿನ ವಿಷಯ ಬರೆದು ಕೇಳಿ, ಕೊಟ್ಟ ಅರ್ಜಿಯ ನಕಲು, ಪ್ರಮಾಣಪತ್ರ ಎರಡೂ ಚೀಲದಲ್ಲಿರಲಿ. ಮೊದಲೇ ಹೋಗಿ ನೋಡಲು ಬಿಟ್ಟರೆ ನಿಮ್ಮ ಕೀಬೋರ್ಡ್ ಅಲ್ಲಿನ ಕಂಪ್ಯೂಟರಿಗೆ ಹಚ್ಚಿ ಒತ್ತಕ್ಷರ ಮೂಡುತ್ತದೆಯೇ ಅಂತ ಒಂದು ಸಾಲು ಟೈಪ್ ಮಾಡಿ ನೋಡಿ. ಕುರ್ಚಿಗೆ ಟ್ಯೂಬ್‌ಲೈಟ್ ಯಾವ ಕಡೆಯಿಂದ ಬೀಳುತ್ತದೆ ಅನ್ನುವುದನ್ನೂ ನೋಡಿಕೊಂಡು, ಬೇರೆ ಜಾಗ ಬೇಕಿದ್ದರೆ ಅವತ್ತೇ ಕೇಳಿ.